ಆಶ್ವಿಟ್ಜ್‌ನ ಗುಮಾಸ್ತನಿಗೆ 94ನೇ ವಯಸ್ಸಿನಲ್ಲಿ ಜೈಲು: ಸರಿಯೇ?

ನಾಜಿಗಳ ಆಶ್ವಿಟ್ಜ್ ಹತ್ಯಾ ಶಿಬಿರದಲ್ಲಿ ಯಹೂದಿಗಳಿಂದ ಕಿತ್ತುಕೊಂಡ ಹಣ ಎಣಿಸಿ ಬರ್ಲಿನ್‌ಗೆ ಕಳಿಸುತ್ತಿದ್ದ ಎಸ್‌ಎಸ್ (ಹಿಟ್ಲರನ ನಾಜಿ ಪಡೆ) ಸಿಬ್ಬಂದಿ ಆಸ್ಕರ್ ಗ್ರೋನಿಂಗ್‌ಗೆ 2015ರ ಜುಲೈನಲ್ಲಿ ಜರ್ಮನಿಯ ಲ್ಯೂನೆಬುರ್ಗ್ ನ್ಯಾಯಾಲಯ ನಾಲ್ಕು ವರ್ಷ ಜೈಲು ವಿಧಿಸಿತು. ಅಪರಾಧ: 3 ಲಕ್ಷ ಕೊಲೆಗಳಿಗೆ ನೆರವು.

ಪರ

ಅವನು ತನ್ನ ಕೈಯಾರೆ ಯಾರನ್ನೂ ಕೊಲ್ಲಲಿಲ್ಲ, ಒಪ್ಪೋಣ. ಆದರೆ 1944ರಲ್ಲಿ ಹಂಗೇರಿಯಿಂದ ಯಹೂದಿಗಳನ್ನು ತುಂಬಿದ ರೈಲುಗಳು ಒಂದರ ಹಿಂದೊಂದು ಬರುತ್ತಿದ್ದಾಗ, ಜನರನ್ನು ಇಳಿಸುತ್ತಿದ್ದ ಕಟ್ಟೆಯ ಮೇಲೆ ಸಾಮಾನು ಕಾಯುತ್ತ ನಿಂತವನು ಅವನೇ. ಮುಂದಿನ ರೈಲು ಬರುವಷ್ಟರಲ್ಲಿ ಹಿಂದಿನವರ ಪೆಟ್ಟಿಗೆ, ಗಂಟುಮೂಟೆ ಕಣ್ಣಿಗೆ ಬೀಳದಂತೆ ತೆರವಾಗಬೇಕಿತ್ತು. ಇಳಿದವರಿಗೆ ಅನುಮಾನ ಬರಬಾರದು, ಗ್ಯಾಸ್ ಕೋಣೆಯವರೆಗೂ ಗಲಾಟೆಯಿಲ್ಲದೆ ನಡೆಯಬೇಕು. ಗುಟ್ಟು ಕಾಯುವುದು ಇಲ್ಲಿ ಕೊಲೆಯದೇ ಒಂದು ಹಂತವಾಗಿತ್ತು.

ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ 1943ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಪೋಜೆನ್‌ನಲ್ಲಿ ತನ್ನ ಅಧಿಕಾರಿಗಳಿಗೆ, ಯಹೂದಿಗಳನ್ನು ನಿರ್ಮೂಲ ಮಾಡುವ ಈ ವಿಷಯ ನಾವೆಂದೂ ಬಹಿರಂಗವಾಗಿ ಆಡುವುದಿಲ್ಲ ಎಂದಿದ್ದ. ಆ ಮಾತು ನಡೆಯಲು ಗುಮಾಸ್ತರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಗ್ರೋನಿಂಗ್‌ಗೆ ಬಂದ ಹೊಸತರಲ್ಲೇ ಎಲ್ಲ ತಿಳಿದಿತ್ತು. ವರ್ಗಾವಣೆ ಕೇಳಿದ, ಆಗ ಸಿಗಲಿಲ್ಲ, ಮತ್ತೆ ನೋಟು ಎಣಿಸುತ್ತ ಕೂತ.

ವಿರೋಧ

ಅವನು ನಿರಪರಾಧಿ ಎಂದು ಯಾರೂ ಹೇಳುತ್ತಿಲ್ಲ. ನೈತಿಕವಾಗಿ ತಾನು ತಪ್ಪಿತಸ್ಥ ಎಂದು ಕೋರ್ಟಿನಲ್ಲಿ ಅವನೇ ಒಪ್ಪಿಕೊಂಡ. ತಕರಾರು ಇರುವುದು ಶಿಕ್ಷೆ ಕೊಟ್ಟವರ ಬಗ್ಗೆ. ಇದೇ ಗ್ರೋನಿಂಗ್ ಮೇಲಿನ ತನಿಖೆಯನ್ನು ಜರ್ಮನಿ 1980ರ ದಶಕದಲ್ಲಿ ಕೈಬಿಟ್ಟಿತ್ತು. ನಿರ್ದಿಷ್ಟ ಕೊಲೆಯಲ್ಲಿ ಕೈವಾಡ ತೋರಿಸಿದರಷ್ಟೇ ಶಿಕ್ಷೆ ಎಂಬುದು ಆಗಿನ ನಿಲುವು. ಹತ್ಯಾ ಶಿಬಿರದಲ್ಲಿ ಕೆಲಸ ಮಾಡಿದ್ದೇ ನೆರವು ಎಂಬ ವಾದಕ್ಕೆ ಬಲ ಬಂದದ್ದು ಇನ್ನೊಂದು ಹತ್ಯಾ ಶಿಬಿರದ ಕಾವಲುಗಾರನಿಗೆ ಶಿಕ್ಷೆ ವಿಧಿಸಿದ 2011ರ ಮ್ಯೂನಿಕ್ ನ್ಯಾಯಾಲಯದ ತೀರ್ಪಿನಿಂದ. ಅಷ್ಟರಲ್ಲಿ ಆದೇಶ ಕೊಟ್ಟವರಲ್ಲಿ ಬಹುಪಾಲು ಮಂದಿ ತೀರಿಹೋಗಿದ್ದರು, ಎಷ್ಟೋ ಜನ ಆರಾಮಾಗಿ ಬದುಕಿಯೇ.

ಗ್ರೋನಿಂಗ್ ಬಾಯಿಬಿಟ್ಟದ್ದಾದರೂ ಹೇಗೆ? ಅಂಚೆಚೀಟಿ ಸಂಗ್ರಹದ ಗೀಳಿನಿಂದ ಪರಿಚಯವಾದವನೊಬ್ಬ, ನರಮೇಧ ನಡೆದೇ ಇಲ್ಲ ಎಂದು ವಾದಿಸಿದ. ಅದಕ್ಕೆ ಉತ್ತರ ಕೊಡಲು ಹೊರಟವನು 2005ರಲ್ಲಿ ಬಿಬಿಸಿ ಕ್ಯಾಮೆರಾ ಮುಂದೆ, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ ಎಂದ. ಮಾತಾಡಿದವನು ಕಟಕಟೆ ಹತ್ತಿದ, ತುಟಿ ಬಿಚ್ಚದ ಎಷ್ಟೋ ಜನ ಮನೆಯಲ್ಲೇ ಕಣ್ಮುಚ್ಚಿದರು. ಇದನ್ನು ನೋಡಿ ಇನ್ನು ಯಾವ ಅಪರಾಧಿ ತಾನಾಗಿ ಬಾಯಿ ತೆರೆದಾನು? ಆಶ್ವಿಟ್ಜ್‌ನಲ್ಲಿ ನಾಜಿ ವೈದ್ಯ ಮೆಂಗೆಲೆ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬದುಕುಳಿದ ಎವಾ ಕೋರ್, ಅವನನ್ನು ಜೈಲಿಗೆ ಹಾಕುವ ಬದಲು ನವ-ನಾಜಿಗಳ ಎದುರು ಮಾತಾಡಿಸಿ ಎಂದರು. ಉಳಿದ ಸಂತ್ರಸ್ತರಲ್ಲಿ ಹಲವರು ಆಕೆಯ ಮೇಲೆ ಸಿಟ್ಟಾದರು, ಅದೂ ಸಹಜವೇ.

2018ರ ಮಾರ್ಚ್‌ನಲ್ಲಿ, ಒಂದು ದಿನವೂ ಜೈಲಿನಲ್ಲಿ ಕಳೆಯದೆ ಅವನು ಸತ್ತ. ಕೊನೆಗೆ ವಿಚಾರಣೆಯಿಂದ ಹೆಚ್ಚಾಗಿ ದಕ್ಕಿದ್ದು ಅವನ ಹೇಳಿಕೆ. ಅದನ್ನಾದರೋ ಅವನು ಹತ್ತು ವರ್ಷ ಮೊದಲೇ ಕೊಟ್ಟಿದ್ದ.