ಸ್ಟೇಷನ್ ಹತ್ತಿರ ನೂರು ಸೈಕಲ್ಲಿಗೆ ಒಂದು ನೆರಳು

ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಮನೆಯಿಂದ ಸ್ಟೇಷನ್ನಿಗೆ ಇರುವ ಎರಡು-ಮೂರು ಕಿಲೋಮೀಟರ್ ಸೈಕಲ್ಲಿಗೆ ಹೇಳಿ ಮಾಡಿಸಿದ ದೂರ. ಆದರೆ ಬೆಳಿಗ್ಗೆ ನಿಲ್ಲಿಸಿದ ಸೈಕಲ್ ಸಂಜೆವರೆಗೂ ಬಿಸಿಲಲ್ಲಿ ನಿಂತರೆ ಟೈರು ಬಿರುಕು ಬಿಡುತ್ತದೆ, ಸೀಟಿನ ರೆಕ್ಸಿನ್ ಸೀಳುತ್ತದೆ. ನೂರು ಸೈಕಲ್ ಹಿಡಿಯುವ ಒಂದು ಕಟ್ಟಡ ನಮಗೆ ಬೇಕು. ಗಾಜಿನ ಮುಖ, ಏಸಿ ಎರಡೂ ಅದಕ್ಕೆ ಬೇಡ.

ಲೆಕ್ಕ ನೋಡಿ. ತಲೆಕೆಳಗಾದ ಯು ಆಕಾರದ ಸ್ಟ್ಯಾಂಡಿಗೆ ಎರಡೂ ಪಕ್ಕ ಒಂದೊಂದು ಸೈಕಲ್. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ 3 ಅಡಿ, ಸೈಕಲ್ ಉದ್ದ 6 ಅಡಿ, ನಡುವೆ ಓಡಾಡಲು 6 ಅಡಿ. ಸಾಲಿಗೆ 25 ಸ್ಟ್ಯಾಂಡಿನಂತೆ ಎರಡು ಸಾಲು ಹಾಕಿದರೆ 75 ಅಡಿ ಉದ್ದ, 18 ಅಡಿ ಅಗಲದ ಜಾಗ ಸಾಕು. ಸ್ಟ್ಯಾಂಡಿಗೆ ಒಂದೂವರೆ ಇಂಚಿನ ಜಿಐ ಪೈಪು, ನೆಲದಿಂದ ಎರಡೂವರೆ ಅಡಿ ಎತ್ತರ, ಒಂದಡಿ ಕಾಂಕ್ರೀಟಿನೊಳಗೆ. ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಅಗ್ಗದ ಸ್ಟ್ಯಾಂಡು ದಯವಿಟ್ಟು ಬೇಡ. ಪಕ್ಕದ ಸೈಕಲ್ ವಾಲಿ ಬಿದ್ದರೆ ರಿಮ್ಮು ಸೊಟ್ಟಗಾಗುತ್ತದೆ, ಫ್ರೇಮಿಗೆ ಬೀಗ ಹಾಕಲೂ ಆಗುವುದಿಲ್ಲ. ನೆಲದ ಮೇಲೆ ಬೋಲ್ಟು ಹಾಕಿದ್ದನ್ನು ಕಳ್ಳ ಸ್ಪ್ಯಾನರಿನಲ್ಲೇ ಬಿಚ್ಚುತ್ತಾನೆ.

ಈ 75 ಅಡಿ ಪೂರ್ವ-ಪಶ್ಚಿಮವಾಗಿ ಮಲಗಬೇಕು. ಇದೊಂದು ತಪ್ಪಿದರೆ ಉಳಿದದ್ದೆಲ್ಲ ತೇಪೆ ಕೆಲಸ. ದಕ್ಷಿಣದಲ್ಲಿ 3 ಅಡಿ ಸಜ್ಜಾ ಹಾಕಿದರೆ ಡಿಸೆಂಬರ್ ಮಧ್ಯಾಹ್ನವೂ ಗೋಡೆಗೆ 4 ಅಡಿ ನೆರಳು ಬೀಳುತ್ತದೆ. ಅದೇ ಸಜ್ಜಾ ಪಶ್ಚಿಮದಲ್ಲಿ ಬೇಸಿಗೆಯ ಸಂಜೆ 5ಕ್ಕೆ ಒಂದೂವರೆ ಅಡಿ ನೆರಳನ್ನೂ ಕೊಡದು. ಹಾಗಾಗಿ 18 ಅಡಿಯ ಗಿಡ್ಡ ಗೋಡೆಗಳು ಮಾತ್ರ ಪೂರ್ವ-ಪಶ್ಚಿಮಕ್ಕೆ, ಅವೂ ಜಾಲಿ ಇಟ್ಟಿಗೆಯವು. ಪಶ್ಚಿಮದ ಹೊರಗೆ ಎರಡು ಹೊಂಗೆ ಮರ. ಮುಂಗಾರಿನ ಗಾಳಿಯೂ ಆ ಕಡೆಯಿಂದಲೇ ಬರುವುದರಿಂದ ಜಾಲಿಯ ತೂತಿನ ತಳ ಹೊರಕ್ಕೆ ಇಳಿಜಾರಾಗಿರಲಿ. ಇಲ್ಲದಿದ್ದರೆ ಎರಚಲು ಒಳಗೆ ಹರಿದು ಪೈಪಿನ ಬುಡ ತುಕ್ಕು ಹಿಡಿಯುತ್ತದೆ. ನೆಲಕ್ಕೆ ಒರಟು ಚಪ್ಪಡಿ ಕಲ್ಲು, 60ಕ್ಕೆ 1ರ ಇಳಿಜಾರು.

ಮೇಲ್ಛಾವಣಿಯದೇ ದೊಡ್ಡ ವಿಷಯ. ನಮ್ಮ ಅಕ್ಷಾಂಶ 13.3 ಡಿಗ್ರಿ. ಏಪ್ರಿಲ್ ಕೊನೆಯ ವಾರ ನಡು ಹಗಲಿನ ಸೂರ್ಯ ನೆತ್ತಿಗೇ ಬರುತ್ತಾನೆ. ಆರ್‌ಸಿಸಿ ಮೋಲ್ಡು ಹಗಲೆಲ್ಲ ಕಾದು, ಜನ ರೈಲಿಳಿದು ಬರುವ ಸಂಜೆಯಲ್ಲೇ ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಮಂಗಳೂರು ಹೆಂಚು ಬೇಗ ತಣಿಯುತ್ತದೆ, ನನಗೂ ಅದೇ ಇಷ್ಟ. ಆದರೆ ಕೋತಿ ಕಾಟ ಇರುವ ಕಡೆ ವರ್ಷ ವರ್ಷ ಹೆಂಚು ಕೈಯಾಡಿಸುವವರು ಯಾರು? ಬಿಳಿ ಬಣ್ಣದ ಶೀಟು, ಅದರ 8 ಇಂಚು ಕೆಳಗೆ ಬಿದಿರಿನ ತಟ್ಟಿ, ನಡುವಿನ ಗಾಳಿಗೆ ಸೂರಿನಲ್ಲೂ ನೆತ್ತಿಯಲ್ಲೂ ದಾರಿ. ಇಷ್ಟಿದ್ದರೆ ಸಾಕು. ಆ ದಾರಿಗೆ ಜಾಲರಿ ಬಡಿಯದಿದ್ದರೆ ಪಾರಿವಾಳ ಗೂಡು ಕಟ್ಟಿ ಗಾಳಿಯನ್ನೇ ನಿಲ್ಲಿಸುತ್ತದೆ.

ಈ ಛಾವಣಿ ಸುಮಾರು 125 ಚದರ ಮೀಟರ್. ವರ್ಷಕ್ಕೆ 650 ಮಿ.ಮೀ. ಮಳೆ ಎಂದಿಟ್ಟು, ಐದರಲ್ಲೊಂದು ಪಾಲು ಪೋಲು ಕಳೆದರೂ 65,000 ಲೀಟರ್ ನೀರು. ಮೊದಲ 200 ಲೀಟರ್ ಧೂಳಿನದು, ಹೊರಗೆ ಬಿಡಿ. ಕೈಕಾಲು ತೊಳೆಯಲು, ಶೌಚಾಲಯಕ್ಕೆ ಉಳಿದದ್ದು ಬರುತ್ತದೆ. ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸುಮಾರು 4 ಯೂನಿಟ್ ಕೊಟ್ಟರೆ 36 ವೋಲ್ಟ್, 10 ಆಂಪಿಯರ್-ಅವರಿನ ಎಂಟು-ಹತ್ತು ಎಲೆಕ್ಟ್ರಿಕ್ ಸೈಕಲ್ ಚಾರ್ಜ್ ಆಗುತ್ತವೆ. ಚಾರ್ಜಿಂಗ್ ಜಾಗ ಬಾಗಿಲಿನಿಂದ ದೂರ, ಬೇರೆ ಗೋಡೆಯಾಚೆ ಇರಲಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದರೆ ಹೊರಗೋಡುವ ದಾರಿಯೇ ಮುಚ್ಚಬಾರದಲ್ಲ.

ಬಾಗಿಲ ಬಳಿ ಸರಪಳಿ ಕಟ್ಟಿದ ಗಾಳಿ ಪಂಪು, ಪಂಚರ್ ನೋಡಲು ಒಂದು ನೀರಿನ ತೊಟ್ಟಿ. ಗೇಟು ಮೊದಲ ರೈಲಿಗೆ ಅರ್ಧ ಗಂಟೆ ಮುಂಚೆ ತೆರೆಯಬೇಕು, ಕೊನೆಯ ರೈಲಿನವರು ಸೈಕಲ್ ಬಿಚ್ಚಿಕೊಂಡು ಹೋಗುವವರೆಗೂ ದೀಪ ಉರಿಯುತ್ತಿರಬೇಕು.