ಎಷ್ಟು ಕೊಡುತ್ತೆ?

ಹಳೆಯ ಚಿಕ್ಕ ಕಾರು ಇಟ್ಟುಕೊಂಡವರನ್ನು ಜನ ಕೇಳುವುದು ಒಂದೇ ಪ್ರಶ್ನೆ. ‘ಎಷ್ಟು ಕೊಡುತ್ತೆ?’ ಬ್ರೇಕ್ ಹಿಡಿಯುತ್ತಾ, ದೀಪ ಉರಿಯುತ್ತಾ, ಹಿಂದಿನ ಬಾಗಿಲು ಒಳಗಿನಿಂದ ತೆಗೆಯೋಕೆ ಬರುತ್ತಾ ಎಂದು ಯಾರೂ ಕೇಳುವುದಿಲ್ಲ. ಉತ್ತರ ಕೊಡುವವರೂ ಕಡಿಮೆಯವರಲ್ಲ. ಕಾರು ಹೊಸದಾಗಿದ್ದಾಗ ಖಾಲಿ ಹೆದ್ದಾರಿಯಲ್ಲಿ ಒಬ್ಬರೇ ಹೋದ ದಿನ ಬಂದ ಲೆಕ್ಕವನ್ನು ಇವತ್ತಿಗೂ ಹೇಳುತ್ತಿರುತ್ತಾರೆ. ಕಾರಿಗೆ ವಯಸ್ಸಾಗುತ್ತದೆ, ಆ ಸಂಖ್ಯೆಗೆ ಆಗುವುದಿಲ್ಲ.

ಮೈಲೇಜ್ ಬೀಳುವುದು ವಿಚಿತ್ರ ಕಾಯಿಲೆ. ಸೈಲೆನ್ಸರ್ ತೂತಾದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಬ್ಯಾಟರಿ ಸತ್ತರೆ ಬೆಳಗ್ಗೆಯೇ ಕಟಕ್ ಅಂದು ಹೇಳಿಬಿಡುತ್ತದೆ. ಇದಕ್ಕೆ ಎಷ್ಟೋ ಸಲ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಗಾಡಿ ಚೆನ್ನಾಗೇ ಓಡುತ್ತಿರುತ್ತದೆ, ಬಂಕಿಗೆ ಹೋಗುವ ಸರದಿ ಮಾತ್ರ ಬೇಗ ಬೇಗ ಬರುತ್ತದೆ. ಗಾಳಿ, ಕಿಡಿ, ನೀರು, ಆಯಿಲ್, ಚಕ್ರ, ಓಡಿಸುವವರ ಪಾದ, ಎಲ್ಲರ ತಪ್ಪೂ ಸೇರಿ ಒಂದೇ ಅಂಕಿಯಲ್ಲಿ ಬಂದು ಕೂರುತ್ತದೆ. ಯಾರ ಪಾಲು ಎಷ್ಟು ಅಂತ ಆ ಅಂಕಿ ಬಾಯಿ ಬಿಡುವುದಿಲ್ಲ. ಹಾಗಾಗಿಯೇ ಪ್ರತಿಯೊಬ್ಬರ ಹತ್ತಿರವೂ ಒಬ್ಬ ಮೆಚ್ಚಿನ ಆರೋಪಿ ಇರುತ್ತಾನೆ. ಒಬ್ಬರು ಕಾರು ನೋಡುವ ಮೊದಲೇ ‘ಪ್ಲಗ್ ಹೋಗಿರುತ್ತೆ’ ಅನ್ನುತ್ತಾರೆ. ಇನ್ನೊಬ್ಬರಿಗೆ ಯಾವಾಗಲೂ ಏರ್ ಫಿಲ್ಟರ್. ಮೂರನೆಯವರು ಗಂಭೀರವಾಗಿ ‘ಸೆನ್ಸರ್’ ಎಂದು ಸುಮ್ಮನಾಗುತ್ತಾರೆ. ಯಾವ ಸೆನ್ಸರ್ ಅಂತ ಕೇಳಬಾರದು.

ಮೊದಲು ಅನುಮಾನಿಸಬೇಕಾದದ್ದು ಲೆಕ್ಕವನ್ನೇ ಅಂತ ನನಗನ್ನಿಸುತ್ತದೆ. ಪೆಟ್ರೋಲ್ ಮುಳ್ಳು ನೋಡಿ ಮೈಲೇಜ್ ಹೇಳುವವರು ಬಹಳ. ಆ ಮುಳ್ಳಿನ ಹಿಂದೆ ಇರುವುದು ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ ಮತ್ತು ಅದರ ಜೊತೆ ಏರಿಳಿಯುವ ಒಂದು ಕಡ್ಡಿ. ಟ್ಯಾಂಕ್ ಕೂಡ ನೇರ ಡಬ್ಬಿಯಲ್ಲ. ಸೀಟಿನ ಕೆಳಗೆ ಸಿಕ್ಕ ಜಾಗಕ್ಕೆ ಹೊಂದಿಸಿ ಮಾಡಿದ ಅಡ್ಡಾದಿಡ್ಡಿ ಆಕಾರ. ಮೊದಲರ್ಧ ನಿಧಾನಕ್ಕೆ ಇಳಿದ ಮುಳ್ಳು ಉಳಿದರ್ಧ ಸರಸರ ಇಳಿಯುವುದು ಅದಕ್ಕೇ.

ಸರಿಯಾದ ದಾರಿ ಹಳೆಯದೇ. ನಳಿಕೆ ಟಿಕ್ ಅಂತ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ರೀಡಿಂಗ್ ಬರೆದುಕೊಳ್ಳುವುದು. ಮುಂದಿನ ಸಲವೂ ಅದೇ ಟಿಕ್‌ವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸುವುದು. ಟಿಕ್ ಆದ ಮೇಲೆ ‘ಇನ್ನೊಂಚೂರು ಹಾಕಿ’ ಅಂದರೆ ಲೆಕ್ಕವೂ ಕೆಡುತ್ತದೆ, ಪೆಟ್ರೋಲ್ ಆವಿ ಹಿಡಿಯಲು ಇಟ್ಟ ಇದ್ದಿಲ ಡಬ್ಬಿಯೂ ತೋಯುತ್ತದೆ. ಗಾಡಿ ನಿಂತ ನೆಲ ಸ್ವಲ್ಪ ವಾಲಿದ್ದರೂ ಅರ್ಧ ಲೀಟರ್ ಆಚೀಚೆ ಆಗಬಹುದು. 10 ಲೀಟರಿನ ಲೆಕ್ಕದಲ್ಲಿ ಅರ್ಧ ಲೀಟರ್ ಎಂದರೆ ಶೇ. 5. ಅದೇ 30 ಲೀಟರಿನಲ್ಲಿ ಶೇ. 2 ಕೂಡ ಆಗುವುದಿಲ್ಲ. ಸ್ವಲ್ಪ ಸ್ವಲ್ಪ ಹಾಕಿಸಿ ಪ್ರತಿ ಸಲ ಮೈಲೇಜ್ ನೋಡುವವರು ಕಾರನ್ನು ಅಳೆಯುತ್ತಿಲ್ಲ, ಬಂಕಿನ ನೆಲವನ್ನು ಅಳೆಯುತ್ತಿದ್ದಾರೆ.

ಇಳಿಕೆಯ ಲೆಕ್ಕದಲ್ಲೂ ಒಂದು ಮೋಸ ಇದೆ. ‘ಲೀಟರಿಗೆ 2 ಕಿಲೋಮೀಟರ್ ಇಳಿದಿದೆ’ ಎಂದು ಇಬ್ಬರು ಗೋಳಾಡುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರದು 20ರಿಂದ 18ಕ್ಕೆ ಇಳಿದಿದೆ. ನೂರು ಕಿಲೋಮೀಟರಿಗೆ ಅವರ ಖರ್ಚು 5 ಲೀಟರಿನಿಂದ ಸುಮಾರು 5.6ಕ್ಕೆ ಏರಿದೆ. ಇನ್ನೊಬ್ಬರದು 12ರಿಂದ 10ಕ್ಕೆ. ಅವರದು 8.3ರಿಂದ 10 ಲೀಟರಿಗೆ ಹೋಗಿದೆ. ಗೋಳು ಒಂದೇ, ಎರಡನೆಯವರ ನಷ್ಟ ಮೂರು ಪಟ್ಟು. ಜನ ಈ ಲೆಕ್ಕದಲ್ಲಿ ಎಡವುತ್ತಾರೆ ಎಂದು ಲ್ಯಾರಿಕ್ ಮತ್ತು ಸೋಲ್ ಎಂಬ ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಯುರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತಲೇ ಕೇಳುತ್ತಾರೆ. ಅದು ಲೆಕ್ಕಕ್ಕೆ ಒಳ್ಳೆಯದು, ಆದರೆ ಜಂಬ ಕೊಚ್ಚಲು ಅಷ್ಟು ಚೆನ್ನಾಗಿಲ್ಲ. ಕಡಿಮೆ ಇದ್ದರೆ ಒಳ್ಳೆಯದು ಎನ್ನುವ ಅಂಕಿಯನ್ನು ಯಾರು ಹೆಮ್ಮೆಯಿಂದ ಹೇಳುತ್ತಾರೆ?

ಇಷ್ಟೆಲ್ಲ ಆದ ಮೇಲೂ ಕಾಯಿಲೆ ನಿಜ ಎಂದಾದರೆ ಆರೋಪಿಗಳ ಸಾಲು ಶುರು. ಅದರಲ್ಲಿ ಏರ್ ಫಿಲ್ಟರ್ ಪಾಪದ್ದು. ಅದನ್ನು, ಕಂಪ್ಯೂಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬುರೇಟರ್ ಕಾಲದಿಂದ ಬೈಯುತ್ತಾ ಬಂದಿದ್ದೇವೆ. ಆಗ ಬೈಗುಳ ನ್ಯಾಯವಾಗಿತ್ತು. ಗಾಳಿ ಕಡಿಮೆಯಾದರೂ ಪೆಟ್ರೋಲ್ ಅಷ್ಟೇ ಬಂದು ಮಿಶ್ರಣ ದಪ್ಪಗಾಗುತ್ತಿತ್ತು, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತಿತ್ತು. ಇಂಜೆಕ್ಷನ್ ಇರುವ ಕಾರಿನ ಕಂಪ್ಯೂಟರ್ ಒಳಬಂದ ಗಾಳಿಯ ಲೆಕ್ಕ ಹಿಡಿದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಇದನ್ನು ಪರೀಕ್ಷಿಸಿ 2009ರಲ್ಲಿ ವರದಿ ಕೊಟ್ಟಿತು. ಫಿಲ್ಟರ್ ಕಟ್ಟಿಕೊಂಡರೂ ಇಂಜೆಕ್ಷನ್ ಕಾರುಗಳ ಮೈಲೇಜ್ ಹೆಚ್ಚೇನೂ ಬದಲಾಗಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಆದರೂ ಕೊಳಕು ಫಿಲ್ಟರನ್ನು ಹೊರಗೆ ತೆಗೆದು ತೋರಿಸಿದರೆ ಅದರ ಮುಖ ನೋಡಿಯೇ ಎಲ್ಲರೂ ಒಪ್ಪಿಬಿಡುತ್ತಾರೆ. ಕಣ್ಣಿಗೆ ಕಾಣುವ ಕೊಳೆಯ ಮುಂದೆ ಯಾವ ವರದಿಯೂ ನಿಲ್ಲುವುದಿಲ್ಲ. ಹಾಗಂತ ಫಿಲ್ಟರ್ ಬದಲಾಯಿಸುವುದೇ ಬೇಡ ಅನ್ನುತ್ತಿಲ್ಲ, ಎಂಜಿನ್ನಿಗೆ ಅದು ಬೇಕು.

ನಿಜವಾದ ಕಳ್ಳರು ಎಷ್ಟೋ ಸಲ ಬಾನೆಟ್ ಒಳಗೆ ಇರುವುದೇ ಇಲ್ಲ. ಟೈರ್ ಗಾಳಿ ಕಡಿಮೆಯಿದ್ದರೆ ಮೈಲೇಜ್ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ನೋಡುವುದಿಲ್ಲ. ಎಷ್ಟು ಗಾಳಿ ಇರಬೇಕು ಎನ್ನುವುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕೆಯಲ್ಲಿ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ನೋಡಬೇಕಾದದ್ದು ಚಕ್ರ ತಣ್ಣಗಿರುವಾಗ. ದೂರ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ, ನಾವು ಸಮಾಧಾನದಿಂದ ಮನೆಗೆ ಬರುತ್ತೇವೆ.

ಅದಕ್ಕಿಂತ ದೊಡ್ಡ ಕಳ್ಳ ಬ್ರೇಕ್. ಹಳೆಯ ಕಾರಿನಲ್ಲಿ ಬ್ರೇಕ್ ಹಿಡಿಯುತ್ತಾ ಎಂದು ನೋಡುವವರಿದ್ದಾರೆ, ಬಿಡುತ್ತಾ ಎಂದು ನೋಡುವವರು ಕಡಿಮೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿಯುತ್ತವೆ. ರಬ್ಬರ್ ಪೈಪ್ ಒಳಗೊಳಗೇ ಊದಿ ಆಯಿಲನ್ನು ವಾಪಸ್ ಬಿಡುವುದಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ತನ್ನ ಕವಚದೊಳಗೇ ಸಿಕ್ಕಿಕೊಳ್ಳುತ್ತದೆ. ಪೆಡಲಿನಿಂದ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಮೆಲ್ಲಗೆ ಉಜ್ಜುತ್ತಲೇ ಇರುತ್ತದೆ. ಎಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಹಿಂದಕ್ಕೆ ಎಳೆಯುತ್ತದೆ, ಇಬ್ಬರಿಗೂ ಸಂಬಳ ಪೆಟ್ರೋಲಿನಿಂದಲೇ. ಇದನ್ನು ಹಿಡಿಯುವುದು ಸುಲಭ. ಆದಷ್ಟು ಬ್ರೇಕ್ ಹಾಕದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡುವುದು. ಮುಟ್ಟಬೇಡಿ, ಡಿಸ್ಕ್ ಚರ್ಮ ಸುಡುವಷ್ಟು ಬಿಸಿಯಿರಬಹುದು. ಎಡಗಡೆಯದು ತಣ್ಣಗಿದ್ದು ಬಲಗಡೆಯದು ಕಾದಿದ್ದರೆ ಕಳ್ಳ ಸಿಕ್ಕಂತೆ.

ಇನ್ನು ನನ್ನ ಮೆಚ್ಚಿನ ಆರೋಪಿ. ಎಲ್ಲರಿಗೂ ಒಬ್ಬ ಇರುತ್ತಾನೆ ಅಂದೆನಲ್ಲ, ನನಗೆ ಥರ್ಮೋಸ್ಟಾಟ್. ಮುಷ್ಟಿಯಲ್ಲಿ ಹಿಡಿಯುವಷ್ಟು ಸಾಮಾನು. ಒಳಗೆ ಒಂದು ಚೂರು ಮೇಣ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತಳ್ಳುತ್ತದೆ, ಆಗ ಕೂಲಂಟ್ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿಯವರೆಗೆ ಅದು ಎಂಜಿನ್ನಿನ ಸುತ್ತಲೇ ಸುತ್ತುತ್ತಾ ಬೇಗ ಬಿಸಿಯಾಗಬೇಕು. ವಯಸ್ಸಾದಾಗ ಈ ಬಾಗಿಲು ಮುಚ್ಚಿಕೊಂಡು ಕೆಟ್ಟರೆ ಎಂಜಿನ್ ಕುದಿಯುತ್ತದೆ, ಎಲ್ಲರೂ ಓಡಿ ಬರುತ್ತಾರೆ. ತೆರೆದುಕೊಂಡು ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಮಾಲೀಕರು ಖುಷಿಪಡುತ್ತಾರೆ. ‘ನಮ್ಮ ಗಾಡಿ ಹೀಟೇ ಆಗಲ್ಲ, ಮುಳ್ಳು ಕೆಳಗೇ ಇರುತ್ತೆ’ ಎಂದು ಹೊಗಳುತ್ತಾರೆ. ಹೊಗಳಿಸಿಕೊಂಡು ಕಳ್ಳತನ ಮಾಡುವ ಬಿಡಿಭಾಗ ಇದೊಂದೇ ಇರಬೇಕು.

ಎಂಜಿನ್ ತಣ್ಣಗಿದ್ದರೆ ಕಂಪ್ಯೂಟರ್ ಅದನ್ನು ಈಗಷ್ಟೇ ಎದ್ದಿದೆ ಎಂದುಕೊಂಡು ಪೆಟ್ರೋಲ್ ಸ್ವಲ್ಪ ಧಾರಾಳವಾಗಿ ಕೊಡಬಹುದು. ಆಯಿಲ್ ದಪ್ಪಗೇ ಉಳಿದು ತಿರುಗುವ ಭಾಗಗಳನ್ನು ತಡೆಯುತ್ತದೆ. ಕೆಲವು ಕಾರುಗಳಲ್ಲಿ ಯಾರೋ ಪುಣ್ಯಾತ್ಮರು ಹಿಂದೊಮ್ಮೆ ಹೀಟ್ ಆಯಿತೆಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕಿರುತ್ತಾರೆ. ಆ ವಿಷಯ ಮುಂದಿನ ಮಾಲೀಕರಿಗೆ ಯಾರೂ ಹೇಳಿರುವುದಿಲ್ಲ. ಕೂಲಂಟ್ ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳಿದರೂ ಇದೇ ಕಥೆ. ಅದರೊಳಗಿನ ವಿದ್ಯುತ್ ತಡೆ ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. ಅದರ ಪಿನ್ನಿಗೆ ಕಿಲುಬು ಹಿಡಿದು ತಡೆ ಹೆಚ್ಚಾದರೆ ಕಂಪ್ಯೂಟರಿಗೆ ಕುದಿಯುವ ಎಂಜಿನ್ನೂ ಚಳಿಯಲ್ಲಿ ನಡುಗುತ್ತಿರುವಂತೆ ಕಾಣುತ್ತದೆ.

ಸೆನ್ಸರ್ ಅಂದಾಗ ಎಲ್ಲರ ಮನಸ್ಸಿಗೆ ಬರುವುದು ಮಾತ್ರ ಇದಲ್ಲ, ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್. 1976ರಲ್ಲಿ ವೋಲ್ವೊ ಕಾರುಗಳಲ್ಲಿ ಬಂದ ಬಾಷ್ ಕಂಪನಿಯ ಸಾಮಾನು ಇದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬಿದ್ದರೆ ಉರಿ ಸರಿಯಾಗಿ ಆಗುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ, ಹೆಚ್ಚೋ ಕಡಿಮೆಯೋ ಎಂದು ಇದು ಕಂಪ್ಯೂಟರಿಗೆ ಕೂಗಿ ಹೇಳುತ್ತಿರುತ್ತದೆ. ಹೊಸದರಲ್ಲಿ ಚುರುಕು. ವಯಸ್ಸಾದ ಮೇಲೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ ಜೋಕ್ ಅರ್ಥವಾಗಿ ನಗುವ ಅಜ್ಜನ ಹಾಗೆ, ಹೇಳುವುದು ಸರಿಯಿದ್ದರೂ ಹೊತ್ತು ಮೀರಿರುತ್ತದೆ. ಆದರೆ ಇದನ್ನು ಸುಮ್ನೆ ಬದಲಾಯಿಸಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಸೆನ್ಸರಿಗಿಂತ ಮೊದಲೇ ಕೊಳವೆಯಲ್ಲೊಂದು ಸಣ್ಣ ಬಿರುಕು ಇದ್ದರೆ ಹೊರಗಿನ ಗಾಳಿ ಒಳಬಂದು ಸೆನ್ಸರ್ ‘ಪೆಟ್ರೋಲ್ ಸಾಲದು’ ಅನ್ನುತ್ತದೆ, ಕಂಪ್ಯೂಟರ್ ಸುರಿಯುತ್ತದೆ. ಕಿಡಿ ಹೊತ್ತಿಸುವ ಪ್ಲಗ್ ಸವೆದು ಒಂದು ಸಿಲಿಂಡರ್ ಆಗಾಗ ಉರಿಯದೇ ಹೋದರೂ ಹಾಗೇ. ಉರಿಯದ ಪೆಟ್ರೋಲಿನ ಜೊತೆ ಬಳಸದ ಆಮ್ಲಜನಕವೂ ಹೊರಬರುತ್ತದೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ಪೋಲಾಗುತ್ತಿರುವ ಪೆಟ್ರೋಲಿಗೆ ಇನ್ನಷ್ಟು ಪೆಟ್ರೋಲ್ ಸೇರುತ್ತದೆ. ಇಲ್ಲಿ ಸೆನ್ಸರ್ ಸುಳ್ಳು ಹೇಳಿಲ್ಲ, ಕಂಡದ್ದನ್ನೇ ಹೇಳಿದೆ.

ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ, ಇಂಥ ದೂರುಗಳನ್ನು ಓದುವ ಸಾಕೆಟ್ ಕಡ್ಡಾಯವಾಯಿತು. ಅದಕ್ಕೆ ಚಿಕ್ಕ ಯಂತ್ರ ಸಿಕ್ಕಿಸಿದರೆ ಕೋಡ್ ಬರುತ್ತದೆ. ಪಿ0128 ಎಂದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ. ಪಿ0172 ಎಂದರೆ ಮಿಶ್ರಣ ದಪ್ಪಗಿದೆ. ಕೋಡ್ ದೂರು ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಬಹಳ ಜನ ದೂರನ್ನೇ ತೀರ್ಪೆಂದುಕೊಂಡು ಬಿಡಿಭಾಗ ಕೊಳ್ಳಲು ಹೊರಡುತ್ತಾರೆ.

ಪರೀಕ್ಷೆಯಲ್ಲಿ ನಿಜವಾಗಿ ಕಷ್ಟವಾದದ್ದು ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು. ಆಮೇಲೆ ಟ್ಯಾಂಕ್ ಖಾಲಿಯಾಗುವ ತನಕ ಕಾಯುವುದು. ಒಂದು ಟ್ಯಾಂಕಿನ ಫಲಿತಾಂಶ ಸಾಲದು, ಇನ್ನೊಂದನ್ನೂ ಕಾಯಬೇಕು. ಇಷ್ಟು ತಾಳ್ಮೆ ಯಾರಿಗಿದೆ? ಪ್ಲಗ್, ಫಿಲ್ಟರ್, ಆಯಿಲ್, ಸೆನ್ಸರ್ ಎಲ್ಲ ಒಂದೇ ಮಧ್ಯಾಹ್ನ ಬದಲಾಯಿಸಿ, ಬಂದ ದಾರಿಯಲ್ಲೇ ಟೈರಿಗೂ ಗಾಳಿ ಹೊಡೆಸುತ್ತೇವೆ. ಮೈಲೇಜ್ ಏರಿದರೆ ಪ್ರತಿಯೊಬ್ಬರೂ ತಮ್ಮ ಮೆಚ್ಚಿನ ಆರೋಪಿಗೆ ಶಿಕ್ಷೆಯಾಯಿತೆಂದು ಹಿಗ್ಗುತ್ತಾರೆ. ಬಹುಶಃ ಕೆಲಸ ಮಾಡಿದ್ದು ಆ ಗಾಳಿ. ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ.

ಈ ನಡುವೆ ಕಾರಿನ ಕೆಲಸವೇ ಬದಲಾಗಿರುವುದುಂಟು. ಮೊದಲು ಊರಾಚೆ ಓಡುತ್ತಿದ್ದದ್ದು ಈಗ ಪಕ್ಕದ ಬೀದಿಗೆ ಹೋಗಿ ಬರುತ್ತಿದ್ದರೆ, ಎಂಜಿನ್ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಅದು ರೋಗವಲ್ಲ, ದಿನಚರಿ. ಪೆಟ್ರೋಲೂ ಬದಲಾಗಿರಬಹುದು. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇ. 10 ಬೆರೆಸಿದರೆ ಮೈಲೇಜಿನಲ್ಲಿ ಶೇ. 3ರಷ್ಟು ಹೋಗುತ್ತದೆ. ಅದನ್ನು ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡಲಾರ.

ಎಲ್ಲವನ್ನೂ ನೋಡಿಯಾದ ಮೇಲೂ ಲೆಕ್ಕ ಕೂಡದಿದ್ದರೆ ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ, ಅಳೆಸುವುದು. ರಿಂಗ್ ಸವೆದಿದ್ದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ ಉರಿಯ ಬಲ ಪಿಸ್ಟನ್ನಿನ ಪಕ್ಕದಿಂದ, ವಾಲ್ವಿನ ಸಂದಿಯಿಂದ ಸೋರುತ್ತದೆ. ಅಲ್ಲಿಗೆ ಬಂದರೆ ಚಿಕ್ಕ ಕಾರಿನ ಎಂಜಿನ್ ಬಿಚ್ಚಿಸುವುದು ಲಾಭವೋ ನಷ್ಟವೋ ಎಂದು ಅವರವರೇ ಯೋಚಿಸಬೇಕು. ಬರೀ ಮೈಲೇಜಿಗೋಸ್ಕರ ಆದರೆ, ನಾನಂತೂ ಬಿಚ್ಚಿಸುವುದಿಲ್ಲ.

ಇಷ್ಟು ಕಷ್ಟಪಟ್ಟು ಕಳ್ಳನನ್ನು ಹಿಡಿದು, ಮೈಲೇಜ್ ವಾಪಸ್ ಬಂದು, ಆ ಖುಷಿಯಲ್ಲಿ ಬೋಳಾದ ಟೈರುಗಳನ್ನು ಬದಲಾಯಿಸಿದಿರಿ ಅಂತಿಟ್ಟುಕೊಳ್ಳಿ. ಮುಂದಿನ ಟ್ಯಾಂಕಿಗೆ ಮೈಲೇಜ್ ಮತ್ತೆ ಬೀಳುತ್ತದೆ! ಹೊಸ ಟೈರಿನ ದಪ್ಪ ರಬ್ಬರ್ ಉರುಳುವಾಗ ಸ್ವಲ್ಪ ಜಾಸ್ತಿ ಶಕ್ತಿ ತಿನ್ನುತ್ತದೆ. ಜೊತೆಗೆ ಸವೆದ ಟೈರಿನ ಸುತ್ತಳತೆ ಶೇ. 2ರಷ್ಟು ಕಡಿಮೆ ಇದ್ದದ್ದರಿಂದ ಅದು ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತಿತ್ತು. ಸುತ್ತು ಎಣಿಸುವ ಮೀಟರ್, ಓಡದ ಕಿಲೋಮೀಟರನ್ನೂ ಸೇರಿಸಿ ಬರೆಯುತ್ತಿತ್ತು. ಆಗಲೇ ಯಾರಾದರೂ ಬಂದು ‘ಎಂಥ ಟೈರ್ ಹಾಕಿಸಿದ್ರಿ, ನಾನು ಹಾಕಿಸಿದ್ದು ನೋಡಿ’ ಎಂದು ಶುರು ಮಾಡುತ್ತಾರೆ.