ಮುಟ್ಟು ಬೀದಿಗೆಲ್ಲ ಗೊತ್ತು, ನಿಲ್ಲೋದು ಮಾತ್ರ ಗುಟ್ಟು

ಹೋದ ವಾರ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಔಷಧಿ ಅಂಗಡಿ ಕ್ಯೂನಲ್ಲಿದ್ದೆ, ಕೌಂಟರ್ ಹುಡುಗಿ ನನ್ನ ಚೀಟಿ ನೋಡಿ ಎಲ್ರಿಗೂ ಕೇಳೋ ಹಾಗೆ "ಮೆನೋಪಾಸ್‌ಗಾ? ಒಂದೊಂದು ಔಷಧಿಗೂ 9.90 ಪೌಂಡ್ ಯಾಕೆ ಕೊಡ್ತೀರ, 19.80 ಕಟ್ಟಿ ಎಚ್‌ಆರ್‌ಟಿ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ವರ್ಷಪೂರ್ತಿ ನಡೆಯುತ್ತೆ" ಅಂದ್ಲು. ಎಚ್‌ಆರ್‌ಟಿ ಅಂದ್ರೆ ಮುಟ್ಟು ನಿಲ್ಲೋ ಹೊತ್ತಿನ ತೊಂದರೆಗೆ ಕೊಡೋ ಹಾರ್ಮೋನ್ ಔಷಧಿ. ನನ್ನ ಮುಖ ಬಿಸಿ ಆಯ್ತು. ತಿರುಗಿ ನೋಡಿದ್ರೆ ಹಿಂದಿದ್ದ ತಾತ ಕೆಮ್ಮಿನ ಸಿರಪ್ ಹಿಡ್ಕೊಂಡು ಆರಾಮಾಗಿ ನಿಂತಿದ್ರು. 2023ರ ಏಪ್ರಿಲ್‌ನಿಂದ ಇಂಗ್ಲೆಂಡಲ್ಲಿ ಈ ಅನುಕೂಲ ಇದೆಯಂತೆ, ನನಗೇ ಗೊತ್ತಿರ್ಲಿಲ್ಲ.

ಮನೆಗೆ ಬಂದವಳೇ ಶಿವಮೊಗ್ಗಕ್ಕೆ ಅಕ್ಕಂಗೆ ಫೋನ್ ಮಾಡ್ದೆ. ಅವಳಿಗೆ 49, ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವತು ಎದ್ದು ಹಿತ್ತಲ ಬಾಗ್ಲು ತೆಗೆದು ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತಿರ್ತಾಳೆ, ಕೇಳಿದ್ರೆ "ಉಷ್ಣ ಕಣೇ" ಅಂತಾಳೆ, ಭಾವ ಪಕ್ಕದಲ್ಲಿದ್ರೆ ಅಷ್ಟೂ ಇಲ್ಲ, "ಆಮೇಲೆ ಮಾಡು" ಅಂತ ಇಟ್ಬಿಡ್ತಾಳೆ. ಮುಟ್ಟಾದ್ರೆ ಮೂರು ದಿನ ಹೊರಗೆ ಕೂರಿಸಿ ಹಾಲು ಹಾಕೋನಿಗೂ ಗೊತ್ತಾಗೋ ಹಾಗೆ ಮಾಡ್ತಿದ್ದ ಮನೆ ನಮ್ದು! ಡಾಕ್ಟರ್ ಹತ್ರ ಹೋಗು ಅಂದ್ರೆ, "ಗರ್ಭಕೋಶ ತೆಗ್ಸು ಅಂತಾರೆ, ದೊಡ್ಡಮ್ಮಂಗೆ ಅದೇ ಆಗಿದ್ದು" ಅಂತಾಳೆ. ತಡ್ಕೊಳ್ಳೋದು ಇಲ್ಲ ತೆಗ್ಸೋದು, ನಮ್ಮ ಮನೆ ಹೆಂಗಸರಿಗೆ ಗೊತ್ತಿರೋದು ಇವೆರಡೇ.

ನಾನು ಹಚ್ಚೋ ಈಸ್ಟ್ರೋಜನ್ ಹಾರ್ಮೋನ್ ಜೆಲ್ ಬಗ್ಗೆ ಹೇಳ್ದೆ, ಎರಡು ಸಲ ಒತ್ತಿ ತೊಡೆಗೆ ಸವರಿ ಐದು ನಿಮಿಷ ಒಣಗೋಕೆ ಬಿಡೋದು, ತಣ್ಣಗೆ ಸ್ಯಾನಿಟೈಸರ್ ಥರ ಇರುತ್ತೆ, ಗರ್ಭಕೋಶ ಇರೋರಿಗೆ ಅದರ ಒಳಪದರ ದಪ್ಪ ಆಗದೆ ಇರ್ಲಿ ಅಂತ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಮಾತ್ರೇನೂ ಕೊಡ್ತಾರೆ ಅಂತ. "ಕ್ಯಾನ್ಸರ್ ಬರುತ್ತಂತೆ" ಅಂದ್ಲು. 2002ರಲ್ಲಿ ಈ ಹಾರ್ಮೋನ್‌ಗಳ ಬಗ್ಗೆ ಅಮೆರಿಕದ ದೊಡ್ಡ ಅಧ್ಯಯನ ಅರ್ಧಕ್ಕೆ ನಿಲ್ಲಿಸಿದಾಗ ಹುಟ್ಟಿದ ಭಯ ಅದು, ಅದರಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಮಾತ್ರೆ, ಜೆಲ್ ಅಲ್ಲ. ಎರಡೂ ಹಾರ್ಮೋನ್ ತಗೊಂಡ್ರೆ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚೋದು ನಿಜಾನೇ, ನನ್ನ ಡಾಕ್ಟರ್ ಮುಚ್ಚಿಡ್ಲಿಲ್ಲ, ಮನೇಲಿ ಯಾರಿಗಾದ್ರೂ ಇತ್ತಾ ಅಂತ ಕೇಳಿ ಲೆಕ್ಕ ಹಾಕಿ ತೋರಿಸಿದ್ರು. ಅಕ್ಕಂಗೆ ಆ ಲೆಕ್ಕ ಯಾರೂ ಹೇಳಿಲ್ಲ, ನನ್ನ ಹೊಟ್ಟೆ ಉರಿಯೋದು ಅದಕ್ಕೇ.

ಆದ್ರೆ ಇದನ್ನೂ ಹೇಳ್ಬೇಕು, ಆ ಡಾಕ್ಟರನ್ನ ನೋಡೋಕೆ ನಾನು ಐದು ವಾರ ಕಾದೆ, 2022ರಲ್ಲಿ ಇಲ್ಲಿ ಜೆಲ್ ಸಿಗದೆ ಹೆಂಗಸರು ಅಂಗಡಿ ಅಂಗಡಿ ಅಲೆದಿದ್ರು. ಊರಲ್ಲಾದ್ರೆ ಸಂಜೆ ಟೋಕನ್ ತಗೊಂಡ್ರೆ ಆಯ್ತು. ಮತ್ತೆ ರಾತ್ರಿ ಎಚ್ಚರ ಆದ್ರೆ ನನಗೆ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಅಕ್ಕನ ಹಿತ್ತಲಲ್ಲಿ ದೀಪ ಕಂಡ್ರೆ ಪಕ್ಕದ ಆಂಟಿ ಎದ್ದು ಬಂದು ಒಂದು ಲೋಟ ಮಜ್ಜಿಗೆ ಕೊಟ್ಟು ಸುಮ್ನೆ ಜೊತೇಲಿ ಕೂರ್ತಾರಂತೆ. ಗುರುವಾರ ಡಾಕ್ಟರ್ ಹತ್ರಾನೂ ಅವರೇ ಕರ್ಕೊಂಡು ಹೋಗ್ತಾರಂತೆ.